ಮನೆ ಅಲ್ಲೇ ಇದೆ, ವಿಳಾಸ ಬದಲಾಗಿದೆ

ನಮ್ಮ ಮನೆ ಹನುಮಂತನಗರದಲ್ಲಿ, ಆಫೀಸು ವೈಟ್‌ಫೀಲ್ಡ್‌ನಲ್ಲಿ. ಹಗಲು ಹೊತ್ತು ಮನೆಯಲ್ಲಿ ಅಮ್ಮ ಒಬ್ಬರೇ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಸಂಪು ತುಂಬಿದೆಯಾ ಅಂತ ನೋಡೋಕೆ ಅಮ್ಮ ಮಹಡಿಯಿಂದ ಇಳಿದು, ಬಗ್ಗಿ, ಕಬ್ಬಿಣದ ಮುಚ್ಚಳ ಎತ್ತಬೇಕಿತ್ತು. ಅವರಿಗೆ ಮಂಡಿ ನೋವು. ಅದಕ್ಕೇ ಹೋದ ವರ್ಷ ಮುಚ್ಚಳದ ಒಳಗೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದೆ. ನೀರು ಎಷ್ಟು ಸೆಂಟಿಮೀಟರ್ ಕೆಳಗಿದೆ ಅಂತ ಅದು ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಹೇಳುತ್ತದೆ. ಮೋಟಾರಿನ ಸ್ಟಾರ್ಟರಿಗೆ ಒಂದು ರಿಲೇ, ಅಂದರೆ ಪೈ ಹೇಳಿದಂತೆ ಕೇಳುವ ಸ್ವಿಚ್. ಆ ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದೆ. ಆಫೀಸಿನಿಂದ ನಾನೇ ನೋಡಿ, ನಾನೇ ಮೋಟಾರ್ ಹಾಕಬಹುದು.

ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಮಳೆ ಬಂದು ಕರೆಂಟ್ ಹೋಗಿ, ವಾಪಸ್ ಬಂತು. ಆಗಿನಿಂದ ಮನೆ ಸಿಗಲಿಲ್ಲ. ಪೈ ಓಡುತ್ತಿತ್ತು, ರೂಟರ್ ದೀಪ ಉರಿಯುತ್ತಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದರು. ಆದರೆ ನಾನು ಬರೆದಿಟ್ಟುಕೊಂಡಿದ್ದ ಐಪಿ ವಿಳಾಸದಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಕನೆಕ್ಷನ್ನಿಗೆ ಇದ್ದ ಸಂಖ್ಯೆಯಲ್ಲಿ, ಈಗ ನಮ್ಮ ಮನೆ ಇರಲಿಲ್ಲ.

ರೂಟರ್ ಮತ್ತೆ ಲಾಗಿನ್ ಆದಾಗ ಬ್ರಾಡ್‌ಬ್ಯಾಂಡ್‌ನವರು ತಮ್ಮ ರಾಶಿಯಲ್ಲಿ ಖಾಲಿ ಇರುವ ಇನ್ನೊಂದು ವಿಳಾಸ ಕೊಟ್ಟಿದ್ದರು. ಅದರಲ್ಲಿ ತಪ್ಪೇನೂ ಇಲ್ಲ, ಸಾಮಾನ್ಯ ಕನೆಕ್ಷನ್ ಅಂದರೆ ಹಾಗೇ. ಹಾಗಾಗಿ ಹೊಸ ವಿಳಾಸ ಏನು ಅಂತ ಮನೆಯೇ ಹೇಳಬೇಕು.

ಅವತ್ತು ರಾತ್ರಿ ಪೈಯಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸುವ ಕ್ರಾನ್ ಐದು ನಿಮಿಷಕ್ಕೊಮ್ಮೆ ಅದನ್ನು ಎಬ್ಬಿಸುತ್ತದೆ. ಅದು ಹೊರಗಿನ ಒಂದು ಸರ್ವರನ್ನು 'ನಾನು ನಿನಗೆ ಯಾವ ವಿಳಾಸದಿಂದ ಕಾಣ್ತಿದ್ದೀನಿ' ಅಂತ ಕೇಳುತ್ತದೆ. ಬಂದ ಉತ್ತರವನ್ನು ಹಿಂದಿನದರ ಜೊತೆ ಹೋಲಿಸುತ್ತದೆ. ಬೇರೆಯಾಗಿದ್ದರೆ ಮಾತ್ರ ನನ್ನ ಟೆಲಿಗ್ರಾಂಗೆ ಕಳಿಸಿ, ಲಾಗ್‌ನಲ್ಲಿ ಸಮಯದ ಜೊತೆ ಬರೆಯುತ್ತದೆ. ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಟೆಲಿಗ್ರಾಂಗೆ ಕೂಡಲೇ ಏನೂ ಬರಲಿಲ್ಲ, ಮುಂದಿನ ಸರದಿಯಲ್ಲಷ್ಟೇ ಬಂತು. ಸಂಜೆ ಮನೆಗೆ ಬಂದು ಲಾಗ್ ತೆರೆದರೆ ಮೊದಲ ಸಾಲಿನಲ್ಲಿ ಸಮಯ ಇದೆ, ಪಕ್ಕದಲ್ಲಿ ವಿಳಾಸ ಇಲ್ಲ, ಬರೀ ಖಾಲಿ. ರೂಟರ್ ಇನ್ನೂ ಲಾಗಿನ್ ಆಗುವ ಮೊದಲೇ ಪೈ ಎದ್ದು ಕೇಳಿತ್ತು. ಸಿಕ್ಕಿದ್ದು ಏನೂ ಇಲ್ಲ, ಅದನ್ನೇ ಹೊಸ ವಿಳಾಸ ಅಂತ ಬರೆದುಕೊಂಡಿತ್ತು. ಕಳಿಸುವ ಹೊತ್ತಿಗೆ ನೆಟ್ ಬೇರೆ ಇರಲಿಲ್ಲ. ಈಗ ಉತ್ತರದಲ್ಲಿ ಚುಕ್ಕಿಯಿಟ್ಟ ನಾಲ್ಕು ಸಂಖ್ಯೆ ಇದ್ದರೆ ಮಾತ್ರ ಒಪ್ಪು, ಮೆಸೇಜ್ ಹೋದಮೇಲೆ ಮಾತ್ರ ಬರೆದುಕೋ ಅಂತ ಎರಡು ಸಾಲು ಸೇರಿಸಿದ್ದೇನೆ.

ಪ್ರತಿ ಸಲ ಸಂಖ್ಯೆ ನೋಡಿ ಟೈಪ್ ಮಾಡೋದು ಬೇಜಾರಾಗಿ, ಬದಲಾಗುವ ವಿಳಾಸಕ್ಕೆ ಬದಲಾಗದ ಹೆಸರು ಕೊಡುವ ಡಕ್‌ಡಿಎನ್‌ಎಸ್‌ನಲ್ಲಿ ಒಂದು ಹೆಸರು ತಗೊಂಡೆ. ದುಡ್ಡು ಕೊಡಬೇಕಿಲ್ಲ. ಸ್ಕ್ರಿಪ್ಟ್ ಈಗ ಅಲ್ಲಿಗೂ ಹೊಸ ವಿಳಾಸ ತಿಳಿಸುತ್ತದೆ. ನಾನು ಹೆಸರು ಹಿಡಿದು ಹೋದರೆ ಸಾಕು. ಮನೆಯ ಬಾಗಿಲಿಗೆ, ಹೊರಗಿನಿಂದ ಸುರಕ್ಷಿತವಾಗಿ ಒಳಬರಲು ಬಿಡುವ ವಿಪಿಎನ್ ಆದ ವೈರ್‌ಗಾರ್ಡ್ ಇಟ್ಟಿದ್ದೇನೆ. ರೂಟರ್‌ನಲ್ಲಿ ಅದರದೊಂದೇ ಪೋರ್ಟ್, ಅಂದರೆ ಒಳಬರುವ ದಾರಿ, ತೆರೆದಿದೆ. ಮೋಟಾರಿನ ಪುಟವನ್ನೋ ಕ್ಯಾಮೆರಾವನ್ನೋ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ, ದಯವಿಟ್ಟು. ಸರಿಯಾದ ಕೀ ಇಲ್ಲದವರು ಬಂದು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ನನಗೆ ಅದು ಇಷ್ಟವಾಗಿದ್ದೇ ಆ ಕಾರಣಕ್ಕೆ. ಒಂದು ವಿಷಯ ನೆನಪಿರಲಿ: ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೈರ್‌ಗಾರ್ಡ್ ಆ ಹೆಸರಿನ ವಿಳಾಸ ಕೇಳೋದು ಶುರುವಾಗುವಾಗ ಒಂದೇ ಸಲ. ನಡುವೆ ಮನೆಯ ವಿಳಾಸ ಬದಲಾದರೆ ಆಫ್ ಮಾಡಿ ಆನ್ ಮಾಡಬೇಕು.

ಈ ವರ್ಷ ಕನೆಕ್ಷನ್ ಬದಲಿಸಿದೆ. ಹೊಸ ರೂಟರ್‌ನಲ್ಲಿ ಎರಡು ರಾತ್ರಿ ಕೂತು ಆ ಪೋರ್ಟಿಗೆ ಬಂದದ್ದನ್ನು ಪೈಗೆ ದಾಟಿಸುವ ಪೋರ್ಟ್ ಫಾರ್ವರ್ಡ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. ಹೆಸರು ಸರಿಯಾದ ವಿಳಾಸವನ್ನೇ ತೋರಿಸುತ್ತಿತ್ತು. ಆದರೂ ಒಳಗೆ ಹೋಗೋಕೆ ಆಗಲಿಲ್ಲ. ಮೂರನೇ ರಾತ್ರಿ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅನ್ನೋ ಸಾಲು ಕಣ್ಣಿಗೆ ಬಿತ್ತು, ಅಂದರೆ ಕಂಪನಿ ನಮ್ಮ ರೂಟರಿಗೆ ಕೊಟ್ಟ ವಿಳಾಸ. 100.72 ಅಂತ ಶುರು. ಹೊರಗಿನ ಸರ್ವರ್ ಹೇಳುತ್ತಿದ್ದದ್ದು ಬೇರೆಯೇ ಸಂಖ್ಯೆ.

100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ, ಒಂದೇ ಹೊರವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವಾಗ ಒಳಗೆ ಬಳಸಲೆಂದೇ ಎತ್ತಿಟ್ಟರು. ಹಳೆಯ ಐಪಿವಿ4ನಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಎಲ್ಲರಿಗೂ ಸಾಲದು. ಅದಕ್ಕೆ ಇಂಟರ್ನೆಟ್ ಕಂಪನಿಗಳು ತುಂಬಾ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ಸಿಜಿನ್ಯಾಟ್ ಅಂತಾರೆ. ಹಳೇ ಬೆಂಗಳೂರಿನ ವಠಾರ ಇದ್ದ ಹಾಗೆ: ಎಂಟು ಮನೆ, ಬೀದಿಗೆ ಒಂದೇ ಡೋರ್ ನಂಬರ್. ನೀವು ಹೊರಗೆ ಹಾಕಿದ ಕಾಗದ ಹೋಗುತ್ತದೆ, ಅದಕ್ಕೆ ಉತ್ತರವೂ ಬರುತ್ತದೆ. ತಾನಾಗಿ ಬಂದ ಹೊಸಬರಿಗೆ ಮಾತ್ರ ಯಾವ ಬಾಗಿಲು ಅಂತ ಗೊತ್ತಾಗಲ್ಲ. ಗೇಟು ಕಂಪನಿಯ ಕೈಯಲ್ಲಿರುವಾಗ ನಾನು ನನ್ನ ರೂಟರ್‌ನಲ್ಲಿ ಏನು ತೆರೆದರೂ ಪ್ರಯೋಜನ ಇಲ್ಲ, ಅಲ್ವಾ?

ಮೊದಲೇ ಆ ಎರಡು ಸಂಖ್ಯೆ ಹೋಲಿಸಿ ನೋಡಿದ್ದರೆ ಎರಡು ರಾತ್ರಿ ಉಳಿಯುತ್ತಿತ್ತು. ನೀವು ಶುರು ಮಾಡೋದಿದ್ದರೆ ಅಲ್ಲಿಂದಲೇ ಮಾಡಿ. ಎರಡೂ ಒಂದೇ ಆಗಿದ್ದರೆ ಮುಂದಿನ ಕೆಲಸ ಸುಲಭ. ಬೇರೆಯಾಗಿದ್ದರೆ ಕಂಪನಿಗೆ ಫೋನ್ ಮಾಡಿ 'ಪಬ್ಲಿಕ್ ಐಪಿ ಬೇಕು' ಅಂತ ಕೇಳಿ. ಬದಲಾಗದ ಸ್ಟ್ಯಾಟಿಕ್ ವಿಳಾಸ ಅಂತ ಕೇಳಿದರೆ ಜಾಸ್ತಿ ದುಡ್ಡು ಹೇಳಬಹುದು. ಬದಲಾಗುವ ಪಬ್ಲಿಕ್ ವಿಳಾಸ ಸಿಕ್ಕರೂ ನಮಗೆ ಸಾಕು. ನಾನು ಮೂರು ಸಲ ಫೋನ್ ಮಾಡಿದೆ. ನಾಲ್ಕನೇ ದಿನ ಬದಲಿಸಿಕೊಟ್ಟರು. ಕೊಡದೇ ಹೋಗಿದ್ದರೆ ಇನ್ನೊಂದು ವಿಪಿಎನ್ ಆದ ಟೇಲ್‌ಸ್ಕೇಲ್ ಹಾಕುತ್ತಿದ್ದೆ. ಅದರಲ್ಲಿ ಮನೆಯ ಪೈಯೇ ಮೊದಲು ಹೊರಗೆ ಸಂಪರ್ಕ ಮಾಡುತ್ತದೆ, ಹಾಗಾಗಿ ವಠಾರದೊಳಗಿಂದಲೂ ನಡೆಯುತ್ತದೆ.

ಹೋದ ಗುರುವಾರ ಸಂಜೆ 4:10ಕ್ಕೆ ಕರೆಂಟ್ ಹೋಗಿ ಬಂದಿದೆ. ಲಾಗ್‌ನಲ್ಲಿ 4:15ಕ್ಕೆ ಹೊಸ ವಿಳಾಸ. ನಾನು 4:30ಕ್ಕೆ ನೋಡಿದಾಗ ನೀರು ಮುಚ್ಚಳದಿಂದ 31 ಸೆಂಟಿಮೀಟರ್ ಕೆಳಗಿತ್ತು, ಅಂದರೆ ಸಂಪು ಹೆಚ್ಚುಕಡಿಮೆ ತುಂಬಿತ್ತು. ಮೋಟಾರ್ ಹಾಕಿದೆ. ಎರಡು ನಿಮಿಷಕ್ಕೆ ಅಮ್ಮನ ಫೋನು. "ಮೋಟಾರ್ ಸದ್ದು ಕೇಳ್ತಿದೆ, ನೀನೇ ಹಾಕಿದ್ದೇನೋ? ಸರಿ, ಹಾಗಾದ್ರೆ ನಾನು ಕೆಳಗೆ ಹೋಗಲ್ಲ."