ಆರು ವರ್ಷ ಆಗಲಿ

ಮೇ ತಿಂಗಳಲ್ಲಿ ನಾನು ಟೀಚರ್ ಅಲ್ಲ. ಅತಿಥಿ ಶಿಕ್ಷಕರ ಪಾಡೇ ಹಾಗೆ. ಪರೀಕ್ಷೆ ಮುಗಿದ ಮೇಲೆ ಮನೆಗೆ, ಶಾಲೆ ತೆರೆದ ಮೇಲೆ ಮತ್ತೆ ಅರ್ಜಿ. ಆದರೂ 2025ರ ಮೇ ಕೊನೆಯ ವಾರ, ಒಂದು ದಿನ ಬೆಳಿಗ್ಗೆ ಹೆಡ್ ಮೇಡಂ ಫೋನ್ ಮಾಡಿ, "ಮಂಡಕ್ಕಿ ಭಟ್ಟಿ ಕಡೆ ಹೋಗಿ ಬರಣ, ಛತ್ರಿ ತಗಂಬಾರಮ್ಮ" ಅಂದಾಗ ಹೊರಟೆ.

ಇದರಲ್ಲಿ ತ್ಯಾಗ ಏನಿಲ್ಲ. ನಮ್ಮದು ಹಳೇ ದಾವಣಗೆರೆಯ ಒಂದು ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದರವರೆಗೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಬಂಧದ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಕಾಯಂ ಇರುವವರು ಇಬ್ಬರು. ಮೂರನೆಯ ಖಾಲಿ ಕುರ್ಚಿಯಲ್ಲಿ ನಾನು ಕೂರುತ್ತೇನೆ, 2024-25ರಲ್ಲಿ ತಿಂಗಳಿಗೆ ಹತ್ತು ಸಾವಿರಕ್ಕೆ. ಹಿಂದಿನ ವರ್ಷ 66 ಮಕ್ಕಳಿದ್ದರು. ಐದನೇ ಕ್ಲಾಸು ಮುಗಿಸಿ ಹೋದವರು 15. ಹತ್ತು ಹೊಸ ಮಕ್ಕಳು ಬೇಕಿತ್ತು, ಶಾಲೆಗೂ ನನಗೂ.

ಭಟ್ಟಿಯಲ್ಲಿ ಕೆಲಸ ಮಾಡುವವರ ಮನೆಗೆ ಹೋಗಲು ಒಂದು ಹೊತ್ತಿದೆ. ಬೆಳಗಿನ ಜಾವವೇ ಒಲೆ ಹಚ್ಚಿ, ಕಾದ ಮರಳಿನಲ್ಲಿ ಅಕ್ಕಿ ಹುರಿದು ಬಂದವರು ಒಂಬತ್ತರ ಸುಮಾರಿಗೆ ಉಣ್ಣಲು ಕೂತಿರುತ್ತಾರೆ. ಬಿಟ್ಟರೆ ಮತ್ತೆ ಸಿಗುವುದಿಲ್ಲ. ನಾವು ಮೂವರು: ಹೆಡ್ ಮೇಡಂ, ನಾನು, ಆ ಓಣಿಯ ಅಂಗನವಾಡಿ ಟೀಚರ್. ಪಟ್ಟಿ ಇದ್ದದ್ದು ಅವರ ಕೈಯಲ್ಲಿ. ಜೂನ್ 1ಕ್ಕೆ ಆರು ವರ್ಷ ತುಂಬಿದವರನ್ನೇ ಒಂದನೇ ತರಗತಿಗೆ ಸೇರಿಸಬೇಕು ಅನ್ನುವ ನಿಯಮ ಆ ಸಾಲಿನಿಂದ ಬರಬೇಕಿತ್ತು. ಪೋಷಕರು ಗಲಾಟೆ ಮಾಡಿದ ಮೇಲೆ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳು ಸಾಕು ಅಂತ ಸಡಿಲ ಮಾಡಿದ್ದರು. ಹಾಗಾಗಿ 2019ರೊಳಗೆ ಹುಟ್ಟಿದ ಮಕ್ಕಳನ್ನೆಲ್ಲ ಆಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡಿದ್ದರು. ಹನ್ನೆರಡು ಹೆಸರು.

ಮನೆಮನೆಗೆ ಹೋದರೆ ಪ್ರಶ್ನೆಗಳು ಮೂರೇ. ಇಂಗ್ಲಿಷ್ ಮೀಡಿಯಂ ಐತಾ? ವ್ಯಾನ್ ಬರ್ತೈತಾ? ನಿಮ್ಮ ಮಕ್ಕಳು ಎಲ್ಲಿ ಓದ್ತಾರ್ರಿ? ಮೂರನೆಯದಕ್ಕೆ ಹೆಡ್ ಮೇಡಂ ಹತ್ತಿರ ಒಳ್ಳೆ ಉತ್ತರ ಇದೆ, ಅವರ ಇಬ್ಬರು ಮಕ್ಕಳೂ ಸರ್ಕಾರಿ ಶಾಲೆಯವರೇ. ನಾನು ಆ ಹೊತ್ತಿಗೆ ಕರಪತ್ರ ಹಂಚುತ್ತಿರುತ್ತೇನೆ. ಮೊದಲನೆಯದಕ್ಕೆ ಯಾರ ಹತ್ತಿರವೂ ಇಲ್ಲ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾದಾಗ ಆ ಪಟ್ಟಿಯಲ್ಲಿ ನಾವಿರಲಿಲ್ಲ.

ಅದೇ ವರ್ಷ ಇನ್ನೊಂದು ಬದಲಾವಣೆಯೂ ಆಗಿತ್ತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ಪುಕ್ಕಟೆಯಾಗಿ ಮೀಸಲಿಟ್ಟ ಶೇಕಡ 25ರ ಆರ್‌ಟಿಇ ಸೀಟು ಸಿಗುವುದಿಲ್ಲ ಅಂತ. ಇನ್ನು ಮಕ್ಕಳು ನಮ್ಮ ಕಡೆ ಬರ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ಖುಷಿಪಟ್ಟಿದ್ದರಂತೆ. "ಎಲ್ಲಿ ಬಂದ್ರು? ಪುಕ್ಕಟೆ ಹೋಗ್ತಿದ್ದೋರು ಸಾಲ ಮಾಡಿ ಹೋದ್ರು" ಅಂತ ಹೆಡ್ ಮೇಡಂ ಈಗಲೂ ನಗುತ್ತಾರೆ.

ನಾಲ್ಕನೆಯ ಮನೆಯೋ ಐದನೆಯದೋ. ತಗಡಿನ ಮಾಡು, ಹೊರಗೆ ಮಂಡಕ್ಕಿ ಚೀಲದ ಪರದೆ. ಆ ಮನೆಯ ಹಿರಿ ಹುಡುಗಿ ನಮ್ಮ ಶಾಲೆಯವಳೇ, ಐದಕ್ಕೆ ಬಂದಿದ್ದಾಳೆ. ತಮ್ಮ ಕಾನ್ವೆಂಟಿನಲ್ಲಿ ಯುಕೆಜಿ ಮುಗಿಸಿದ್ದಾನೆ. ಹೆಣ್ಣಿಗೆ ಸರ್ಕಾರಿ, ಗಂಡಿಗೆ ಕಾನ್ವೆಂಟು, ಇದು ನಮ್ಮ ಹಾಜರಿ ಪುಸ್ತಕ ತೆರೆದರೇ ಕಾಣುತ್ತದೆ. ಹುಡುಗಿ ಕರಪತ್ರ ಇಸಿದುಕೊಂಡು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದವಳು ನಿಲ್ಲಿಸಿ, "ಮೇಡಂ, ಇದು 'ದಾಖಾಲಾತಿ' ಅಂತ ಆಗೈತ್ರಿ" ಅಂದಳು. ಇನ್ನೂರು ಪ್ರತಿ ಹಂಚಿದ್ದೆವು, ನಾವ್ಯಾರೂ ನೋಡಿರಲಿಲ್ಲ.

ಹುಡುಗನ ಟೈ ಮೊಳೆಗೆ ನೇತಾಡುತ್ತಿತ್ತು, ಎಲಾಸ್ಟಿಕ್ ಹಾಕಿದ ಕೆಂಪು ಟೈ. ಅವರಮ್ಮ ಹೆಮ್ಮೆಯಿಂದ ಅವನ ನಾಲ್ಕು ಗೆರೆಯ ನೋಟ್‌ಬುಕ್ ತಂದು ತೋರಿಸಿದರು. ಪುಟಪುಟಕ್ಕೂ ಗುಂಡಗಿನ ಅಕ್ಷರ, ಕೆಂಪಿಂಕಿನ ಸ್ಟಾರು. ನಾನು ಸಾಲಿನ ನಡುವಿನ ಒಂದಕ್ಷರದ ಮೇಲೆ ಬೆರಳಿಟ್ಟು, "ಇದೇನು ಪುಟ್ಟಾ?" ಅಂದೆ. ಅವನು 'ಎ'ಯಿಂದ ಶುರು ಮಾಡಿ, ಒಂದೊಂದೇ ಹೇಳಿಕೊಂಡು ಬಂದು, ನನ್ನ ಬೆರಳಿದ್ದ 'ಎಂ'ಗೆ ನಿಂತ. ಬೆರಳು ಪಕ್ಕಕ್ಕೆ ಸರಿಸಿದೆ. ಮತ್ತೆ 'ಎ'ಯಿಂದ. ನಮ್ಮಲ್ಲೂ ನಾಲ್ಕಕ್ಕೆ ಬಂದು ಒತ್ತಕ್ಷರಕ್ಕೆ ತಡವರಿಸುವವರು ಇದ್ದಾರೆ, ಹಾಗಾಗಿ ಬಾಯಿ ಮುಚ್ಚಿಕೊಂಡೆ. ಆದರೆ ಆ ತಾಯಿಗೆ ನಮ್ಮ ನಲಿ-ಕಲಿ ಬಗ್ಗೆ ಇರುವ ಅಭಿಪ್ರಾಯ ಕೇಳಿ ಮಾತ್ರ ಸಂಕಟವಾಯಿತು. "ಮೂರು ಕ್ಲಾಸಿನೋರ್ನ ಒಂದೇ ರೂಮಾಗೆ ಕುಂದ್ರಿಸಿ ಕಾರ್ಡ್ ಆಟ ಆಡಸ್ತೀರಲ್ರಿ."

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, 2009ರಿಂದ ರಾಜ್ಯದ ಎಲ್ಲ ಕಡೆಗೂ ಬಂದ ಪದ್ಧತಿ ಅದು. ಮಗು ತನ್ನ ವೇಗಕ್ಕೆ ಮೆಟ್ಟಿಲು ಹತ್ತಲಿ, ಹಿಂದೆ ಬಿದ್ದವರನ್ನು ಯಾರೂ ದಡ್ಡ ಅನ್ನದಿರಲಿ ಅಂತ ಮಾಡಿದ್ದು. ಟೀಚರು ಇದ್ದರೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಹೊರಗಿನಿಂದ ಕಿಟಕಿಯಲ್ಲಿ ನೋಡುವ ಅಪ್ಪ ಅಮ್ಮನಿಗೆ ಕಾಣುವುದು ಬಡತನ: ರೂಮಿಲ್ಲ, ಟೀಚರಿಲ್ಲ, ಅದಕ್ಕೇ ಒಟ್ಟಿಗೆ ಕೂರಿಸಿದ್ದಾರೆ ಅಂತ. ಅದೂ ಪೂರ್ತಿ ಸುಳ್ಳಲ್ಲ.

ಹೆಡ್ ಮೇಡಂ ಪಟ್ಟು ಬಿಡಲಿಲ್ಲ. "ಅಕ್ಕ ತಮ್ಮ ಇಬ್ರೂ ಒಂದೇ ಕಡೆ ಬಂದ್ರೆ ನಿಮಗೇ ಅನುಕೂಲ ಅಲ್ವೇನಮ್ಮ? ಪುಸ್ತಕ, ಬಟ್ಟೆ, ಊಟ, ಹಾಲು, ಮೊಟ್ಟೆ..."

"ಹೌದ್ರಿ ಮೇಡಂ. ನನಗೂ ಅದೇ ಆಸೆ ಇತ್ತು. ಇವನ್ನ ಕರ್ಕಂಡು ಬಂದಿದ್ನಲ್ರಿ ನಿಮ್ಮ ಸ್ಕೂಲಿಗೆ, ಎರಡು ವರ್ಷದ ಹಿಂದೆ. ಇನ್ನೂ ಸಣ್ಣೋನು, ಆರು ವರ್ಷ ಆಗ್ಲಿ ಅಂತ ಕಳಿಸಿದ್ರಿ. ಕಾನ್ವೆಂಟಿನೋರು ಅವತ್ತೇ ಬರ್ಕಂಡ್ರು."

ಕಳಿಸಿದ್ದು ನಾನು. ಗೇಟಿನ ಹತ್ತಿರ, ಬಿಸಿಯೂಟದ ಅಕ್ಕಿ ಲೆಕ್ಕ ಮಾಡುತ್ತಾ, ತಲೆ ಎತ್ತದೆ ಹೇಳಿದ್ದೆ. ಆಕೆ ನನ್ನ ಗುರುತು ಹಿಡಿದರೋ ಇಲ್ಲವೋ ಗೊತ್ತಿಲ್ಲ, ಹೆಡ್ ಮೇಡಂ ಮುಖ ನೋಡಿಯೇ ಮಾತಾಡುತ್ತಿದ್ದರು. "ಈಗ ಎರಡು ವರ್ಷ ಫೀಸ್ ಕಟ್ಟೀವಿ. ಅವನ ದೋಸ್ತರೆಲ್ಲ ಅಲ್ಲೇ ಅದಾರೆ. ಹೆಂಗ್ ಬಿಡಸ್ಲಿ ಹೇಳ್ರಿ?"

ಅಂಗನವಾಡಿ ಟೀಚರ್ ತಡೆಯಲಾರದೆ, "ನಮ್ಮಲ್ಲಿಗೆ ಕಳಿಸ್ಬೋದಿತ್ತಲ್ಲವ್ವ" ಅಂದರು. "ನೀವು ಎ ಬಿ ಸಿ ಡಿ ಬರಸಲ್ವಲ್ಲ ಅಕ್ಕ" ಅಂತ ಮೆಲ್ಲಗೆ ಉತ್ತರ ಬಂತು. ಆಮೇಲೆ ಮೂರು ಮನೆ ದಾಟುವ ತನಕ ಟೀಚರ್ ಮಾತಾಡಲಿಲ್ಲ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಮಾಡುತ್ತೇವೆ ಅಂದಾಗ ಅಂಗನವಾಡಿಯವರು ಬೀದಿಗಿಳಿದಿದ್ದರು. ತಮ್ಮ ಮಕ್ಕಳನ್ನೂ ಕಿತ್ತುಕೊಂಡರೆ ತಮ್ಮ ಗತಿ ಏನು ಅಂತ. ನನಗೆ ಅವರ ಭಯ ಗೊತ್ತು, 61ರ ಭಯವೇ ಅದು. ನಮ್ಮ ನಮ್ಮಲ್ಲಿ ಈ ಲೆಕ್ಕ ನಡೆಯುತ್ತಿರುವಾಗ ಮೂರೂವರೆ ವರ್ಷದ ಮಗುವನ್ನು ಹಳದಿ ವ್ಯಾನು ಹತ್ತಿಸಿಕೊಂಡು ಹೋಗಿರುತ್ತದೆ. ಪಾಠ ಚೆನ್ನಾಗಿಲ್ಲ ಅಂತ ನಮ್ಮನ್ನು ಬಿಟ್ಟು ಹೋದವರು ಕಡಿಮೆ. ನಮ್ಮ ಪಾಠ ಹೇಗಿದೆ ಅಂತ ನೋಡಲು ಅವರು ಒಳಗೆ ಬಂದೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಐದು ಮನೆ ಸಿಕ್ಕಲೇ ಇಲ್ಲ. ಒಂದಕ್ಕೆ ಬೀಗ. ಉಳಿದವುಗಳಲ್ಲಿ ಬೇರೆಯವರಿದ್ದರು. ಬಾಡಿಗೆ ಐನೂರು ಏರಿತು ಅಂತ ಊರಾಚೆ ಹೋದವರು, ಹರಿಹರಕ್ಕೆ ಹೋದವರು. ಹಳ್ಳಿಯಲ್ಲಿ ಮನೆ ನಿಂತಲ್ಲೇ ನಿಂತಿರುತ್ತದೆ, ಶಾಲೆಗೆ ಮಕ್ಕಳು ಯಾರು ಅಂತ ಗೊತ್ತಿರುತ್ತದೆ. ಪೇಟೆಯಲ್ಲಿ ಮನೆಯೇ ನಡೆದು ಹೋಗುತ್ತದೆ. ಮಕ್ಕಳಿಗೆ ಓದಲು ಬರುತ್ತದೋ ಇಲ್ಲವೋ ಅಂತ ಮನೆಬಾಗಿಲಲ್ಲಿ ಕೇಳುವ ಅಸರ್ ಸಮೀಕ್ಷೆ ಕೂಡ ಹಳ್ಳಿಗಳದ್ದೇ. ಈ ಓಣಿಯ ಮಕ್ಕಳನ್ನು ಹಾಗೆ ಕೂರಿಸಿಕೊಂಡು ಕೇಳಿದವರನ್ನು ನಾನು ನೋಡಿಲ್ಲ.

ಕೊನೆಯ ಮನೆಯಲ್ಲಿ ಒಬ್ಬ ಹುಡುಗ ತಾನಾಗೇ ಸಿಕ್ಕ. ಮೂರಕ್ಕೆ ಸೇರಬೇಕು. ಅಪ್ಪನ ಆಟೋ ಕೆಟ್ಟು ನಿಂತು ಫೀಸು ಬಾಕಿ, ಅದಕ್ಕೆ ಟಿಸಿ ಕೊಡುತ್ತಿಲ್ಲ. ಟಿಸಿ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್ನೇ ಹೇಳುತ್ತದೆ. ಹೆಡ್ ಮೇಡಂ ಅದನ್ನು ಬಾಯಿಪಾಠ ಒಪ್ಪಿಸಿದರು. ಕಾಯ್ದೆ ಸರಿ, ಮಕ್ಕಳ ದಾಖಲೆ ಇಡುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶ ಕೇಳಬೇಕಲ್ಲ? ಅಲ್ಲಿ ಹುಡುಗನ ನಂಬರು ಹಳೇ ಶಾಲೆಯ ಖಾತೆಯಲ್ಲೇ ಕೂತಿರುತ್ತದೆ, ಅವರು ಬಿಟ್ಟರೆ ಮಾತ್ರ ನಮ್ಮ ಕಡೆ ಬರುವುದು. "ಮೊದ್ಲು ಕಳಿಸ್ರಿ, ಕಂಪ್ಯೂಟರ್ ಆಮೇಲೆ ನೋಡ್ಕಂತೀನಿ" ಅಂದರು. ಬಿಸಿಲಿಗೆ ಅವರ ಮುಖ ಕೆಂಡದಂತಾಗಿತ್ತು. ನಿವೃತ್ತಿಗೆ ಎರಡು ವರ್ಷ ಇದೆ.

ಮೇ 29ಕ್ಕೆ ಶಾಲೆ ತೆರೆಯಿತು. ತಳಿರು ತೋರಣ, ಕೇಸರಿಬಾತು. ಅವತ್ತು ಸಿಕ್ಕಿದ್ದು ಇಬ್ಬರು, ಆಮೇಲೆ ನಾಲ್ವರು. ಒಟ್ಟು 57. ನನ್ನ ಅರ್ಜಿ ತಗೊಂಡರು, ಸದ್ಯಕ್ಕೆ.

ಜೂನ್ ಎರಡನೇ ವಾರ ನಲಿ-ಕಲಿ ಕೋಣೆಯ ಬಾಗಿಲಲ್ಲಿ ಐದನೇ ಕ್ಲಾಸಿನ ಅದೇ ಹುಡುಗಿ ನಿಂತಿದ್ದಳು. ಕೈ ಹಿಡಿದುಕೊಂಡು ಒಂದು ಪುಟ್ಟ ಕೂಸು, ನಾಲ್ಕು ವರ್ಷ ಇರಬಹುದು. ಆ ಮನೆಯಲ್ಲಿ ಮೂರನೆಯದೊಂದು ಇದೆ ಅಂತ ಅವತ್ತು ನಮಗೆ ಗೊತ್ತಾಗಿರಲಿಲ್ಲ, ಒಳಗೆ ಮಲಗಿತ್ತಂತೆ. "ಚಿಕ್ಕಮ್ಮನ ಮಗಳೇನೇ?" ಅಂದೆ. "ತಂಗಿ ರೀ. ಅಮ್ಮ ಇವಳ್ನ ಇಲ್ಲೇ ಕುಂದ್ರಿಸ್ಕಂಡಿರ್ಬೇಕಂತೆ, ಆರು ವರ್ಷ ಆಗೋತನ."

ನಾನು ಹೆಡ್ ಮೇಡಂ ಮುಖ ನೋಡಿದೆ. ಅವರು ಅಂಗನವಾಡಿಗೆ ಫೋನ್ ಹಚ್ಚಿದರು, ಏನೋ ಮಾತಾಡಿದರು, ಬಾಗಿಲಾಚೆ ಹೋಗಿದ್ದರಿಂದ ಕೇಳಿಸಲಿಲ್ಲ. ಒಳಗೆ ಬಂದು, "ಹೆಸರು ಅಲ್ಲೇ ಇರುತ್ತೆ. ಇವಳು ಇಲ್ಲಿರ್ತಾಳೆ" ಅಂದರು. ಕೂಸು ಆಗಲೇ ಚಾಪೆ ಮೇಲೆ ಕೂತು, ಕಾರ್ಡಿನ ಮೇಲಿನ ಆನೆಯ ಸೊಂಡಿಲನ್ನು ಬೆರಳಲ್ಲಿ ತಿದ್ದುತ್ತಿತ್ತು.

ಊಟದ ಹೊತ್ತಿಗೆ ಅಡುಗೆಯಕ್ಕ ತಟ್ಟೆ ಎಣಿಸುತ್ತಾ ಬಂದವರು ಅವಳ ಮುಂದೆ ನಿಂತರು. "ಮೇಡಂ, ಈ ಪಾಪುಗೆ ತತ್ತಿ ಕೊಡ್ಲೇನ್ರಿ? ಲೆಕ್ಕದಾಗೆ ಇಲ್ಲ ಇದು."

"ಇವತ್ತು ಎಷ್ಟು ಜನ ಬಂದಿಲ್ಲ?"

"ನಾಲ್ಕು."

"ಕೊಡು ಮತ್ತೆ."