ಹೂವಮ್ಮ ಬಂದ ದಿನ

ಸಂಶೋಧನೆಗೆ ಹಣ ಕೇಳುವ ಅರ್ಜಿಗಳನ್ನು ತುಂಬುವುದೇ ನನ್ನ ಹೊಟ್ಟೆಪಾಡು. ಬೆಂಗಳೂರಿನ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಸಂಯೋಜಕನಾಗಿದ್ದೇನೆ. ಅರ್ಜಿಯ ಕೊನೆಯ ಪುಟಗಳಲ್ಲೆಲ್ಲೋ ‘ಅಧ್ಯಯನವನ್ನು ರೂಪಿಸುವಲ್ಲಿ ರೋಗಿಗಳ ಪಾತ್ರವೇನು?’ ಎಂಬ ಖಾನೆ ಇರುತ್ತದೆ. ಅದಕ್ಕೆ ನನ್ನ ಬಳಿ ಸಿದ್ಧವಾದ ಮೂರು ಸಾಲುಗಳಿವೆ. ಸಕ್ಕರೆ ಕಾಯಿಲೆಗೂ ಅವೇ, ಮಂಡಿನೋವಿಗೂ ಅವೇ. ರೋಗದ ಹೆಸರು ಬದಲಿಸಿದರೆ ಆಯಿತು.

ಕಳೆದ ವರ್ಷ ಆ ಮೂರು ಸಾಲು ನಡೆಯಲಿಲ್ಲ. ಹಣ ಕೊಡುವವರು ‘ರೋಗಿಗಳನ್ನು ಕೂರಿಸಿಕೊಂಡು ಚರ್ಚಿಸಿದ ವಿವರ ಕೊಡಿ’ ಎಂದು ಅರ್ಜಿಯನ್ನು ಹಿಂದಕ್ಕೆ ಕಳಿಸಿದರು. ರಕ್ತದೊತ್ತಡಕ್ಕೆ ಕೊಡುವ ಎರಡು ಹಳೆಯ ಮಾತ್ರೆಗಳಲ್ಲಿ ನಮ್ಮ ಜನಕ್ಕೆ ಯಾವುದು ಹೊಂದುತ್ತದೆ ಎಂದು ಹೋಲಿಸಿ ನೋಡುವ ಅಧ್ಯಯನ ಅದು. ಒಂದು ಮೂತ್ರ ಹೆಚ್ಚಿಸುವ ಮಾತ್ರೆ, ಇನ್ನೊಂದು ಆಮ್ಲೋಡಿಪಿನ್. ಎರಡೂ ಅಗ್ಗ, ಎರಡರ ಪೇಟೆಂಟೂ ಮುಗಿದು ಎಷ್ಟೋ ಕಾಲವಾಗಿದೆ. ಯಾವುದು ಗೆದ್ದರೂ ಯಾವ ಕಂಪನಿಗೂ ಲಾಭವಿಲ್ಲ. ಹಾಗಾಗಿ ಇಂಥ ಪ್ರಶ್ನೆಗಳಿಗೆ ದುಡ್ಡು ಹಾಕುವವರು ಸಿಗುವುದೇ ಅಪರೂಪ.

ಒಂದು ಶನಿವಾರ ಸಭೆ ಸೇರಿತು. ನಮ್ಮ ಹಿರಿಯ ವೈದ್ಯರು ಬರುವಾಗಲೇ ಮುಖ ಗಂಟು ಹಾಕಿಕೊಂಡಿದ್ದರು. “ಇದು 2002ರಲ್ಲೇ ತೀರ್ಮಾನವಾದ ವಿಷಯ. ರಕ್ತದೊತ್ತಡದ ಇಂಥವೇ ಮಾತ್ರೆಗಳನ್ನು ಹೋಲಿಸಿದ ಆಲ್‌ಹ್ಯಾಟ್ ಅಧ್ಯಯನದಲ್ಲಿ 33,357 ಜನ ಇದ್ದರು. ಮೂತ್ರ ಹೆಚ್ಚಿಸುವ ಹಳೆಯ ಮಾತ್ರೆ ಆಮ್ಲೋಡಿಪಿನ್‌ನಂಥ ಆಗಿನ ಹೊಸದಕ್ಕೆ ಏನೂ ಕಡಿಮೆಯಿಲ್ಲ ಎಂದು ಗೊತ್ತಾಯಿತು. ಈಗ ರೋಗಿಯನ್ನು ಕೇಳಿ ತಿಳಿಯುವುದೇನಿದೆ?” ಎಂದರು. ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದ ಕಿರಿಯ ವೈದ್ಯೆ, “ಅಲ್ಲಿ ತೀರ್ಮಾನವಾದದ್ದು ಹೃದಯಾಘಾತದ ಲೆಕ್ಕ ಸಾರ್, ರೋಗಿಯ ದಿನಚರಿಯ ಲೆಕ್ಕವಲ್ಲ” ಎಂದರು. ನಂತರ, ಚಿಕಿತ್ಸೆಗಳನ್ನು ಹೋಲಿಸಿ ನೋಡುವ ಅಧ್ಯಯನಗಳಿಗೆ ಹಣ ಕೊಡುವ ಪಿಕೋರಿ ಎಂಬ ಅಲ್ಲಿನ ಸಂಸ್ಥೆಯ ಕಥೆ ಹೇಳಿದರು. 2010ರ ಆರೋಗ್ಯ ಕಾಯ್ದೆಯಿಂದ ಹುಟ್ಟಿದ್ದು, ವಿಮಾ ಕಂಪನಿಗಳಿಂದ ತಲೆಗಿಷ್ಟು ಎಂದು ವಸೂಲಿ ಮಾಡುವ ಶುಲ್ಕದಿಂದಲೂ ಅದರ ನಿಧಿ ತುಂಬುತ್ತದೆ, ಅಲ್ಲಿ ಅರ್ಜಿಗಳನ್ನು ತೂಗುವ ಸಮಿತಿಯಲ್ಲಿ ರೋಗಿಗಳೂ ಕೂರುತ್ತಾರೆ. ಅಪೆಂಡಿಸೈಟಿಸ್‌ಗೆ ಶಸ್ತ್ರಚಿಕಿತ್ಸೆ ಬೇಕೇ, ಆ್ಯಂಟಿಬಯೋಟಿಕ್ ಸಾಕೇ ಎಂದು 1,552 ಜನರಲ್ಲಿ ಹೋಲಿಸಿ ನೋಡಿದ ಅಧ್ಯಯನಕ್ಕೆ ಹಣ ಕೊಟ್ಟದ್ದು ಅದೇ. ಔಷಧ ಪಡೆದ ಹತ್ತರಲ್ಲಿ ಮೂವರಿಗೆ ತೊಂಬತ್ತು ದಿನಗಳೊಳಗೆ ಹೊಟ್ಟೆ ಕುಯ್ಯಬೇಕಾಯಿತು, ಉಳಿದ ಏಳು ಮಂದಿಗೆ ಅಷ್ಟರೊಳಗೆ ಬೇಕಾಗಲಿಲ್ಲ. “ಯಾವುದು ಬೇಕು ಎಂಬುದನ್ನು ಆಮೇಲೆ ರೋಗಿಯೇ ಆರಿಸಿಕೊಳ್ಳಬಹುದು” ಎಂದರು.

“ಅಲ್ಲಿ ಹಣವಿದೆ” ಎಂದರು ಹಿರಿಯರು. “ಮೂವತ್ತು ವರ್ಷಗಳಿಂದ ರೋಗಿಗಳ ಮಾತು ಕೇಳುತ್ತಿದ್ದೇನೆ. ನನಗೆ ಯಾರಾದರೂ ಹೇಳಿಕೊಡಬೇಕೇ?” ಅದೂ ಸುಳ್ಳಲ್ಲ. ಆದರೆ ಅವರ ಹೊರರೋಗಿ ವಿಭಾಗದ ಸಾಲನ್ನು ನಾನು ನೋಡಿದ್ದೇನೆ. ಒಬ್ಬರಿಗೆ ಮೂರು ನಿಮಿಷ ದಕ್ಕಿದರೆ ಹೆಚ್ಚು.

ಅಷ್ಟರಲ್ಲಿ ಹೂವಮ್ಮ ಬಂದರು. ಹೆಸರು ಬೇರೆಯೇ ಇದೆ, ನಾವೆಲ್ಲ ಕರೆಯುವುದು ಹಾಗೆ. ಬೆಳಗಿನ ಜಾವ ಮೂರಕ್ಕೆ ಕೆ.ಆರ್. ಮಾರುಕಟ್ಟೆಯಲ್ಲಿ ಹೂವು ಕೊಂಡು, ಗಾಂಧಿ ಬಜಾರಿನಲ್ಲಿ ಸಂಜೆಯವರೆಗೆ ಮಾರುತ್ತಾರೆ. ಹಿಂದೊಮ್ಮೆ ನಮ್ಮದೇ ಇನ್ನೊಂದು ಅಧ್ಯಯನದಲ್ಲಿದ್ದವರು. ತಿಂಗಳಿಗೊಮ್ಮೆ ಮಾತ್ರೆಯ ಖಾಲಿ ಡಬ್ಬಿ ತಂದು ತೋರಿಸುತ್ತಿದ್ದರು. ನಾನು ಎಣಿಸಿ, ನೂರಕ್ಕೆ ನೂರು ಎಂದು ಬರೆಯುತ್ತಿದ್ದೆ.

ಮೂತ್ರ ಹೆಚ್ಚಿಸುವ ಮಾತ್ರೆಯ ಮಾತು ಬಂದಾಗ ಅವರು ಸೆರಗು ಸರಿಮಾಡಿಕೊಂಡು ಹೇಳಿದರು: “ಡಾಕ್ಟ್ರೇ, ಬುಟ್ಟಿ ಬಿಟ್ಟು ಹೋಗುವುದು ಎಲ್ಲಿಗೆ? ಪಕ್ಕದವಳಿಗೆ ನೋಡಿಕೋ ಎಂದು ದಿನಕ್ಕೆ ಎಷ್ಟು ಸಲ ಹೇಳಲಿ?”

“ಒಂದೆರಡು ವಾರದಲ್ಲಿ ಅದು ಕಡಿಮೆಯಾಗುತ್ತದಮ್ಮ” ಎಂದರು ಹಿರಿಯರು. ವೈದ್ಯಕೀಯವಾಗಿ ಅವರ ಮಾತು ಸರಿಯೇ.

“ಆ ಎರಡು ವಾರದಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂದರೆ? ವರ್ಷದ ಸಂಪಾದನೆ ಅದು. ಅದಕ್ಕೇ ಹಬ್ಬದ ದಿನ, ಶುಕ್ರವಾರ ನಾನು ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಬಾಡಿದ ಹೂವಿನ ಜೊತೆ ಎಸೆದುಬಿಡುತ್ತಿದ್ದೆ. ಇವರು ಎಣಿಸುತ್ತಾರಲ್ಲ, ಬೈದರೆ ಎಂದು.” ಹೀಗೆಂದು ನನ್ನ ಕಡೆ ನೋಡಿದರು.

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಅಂಕಿಅಂಶ ತಜ್ಞರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೆಷ್ಟು ಖಾಲಿ ಡಬ್ಬಿಗಳನ್ನು ನಂಬಿ ಹಾಗೆ ಬರೆದಿದ್ದೇನೋ ಎಂದು ನನ್ನ ಕಿವಿ ಬಿಸಿಯಾಯಿತು. ಇನ್ನೊಂದು ಮಾತ್ರೆಯಲ್ಲಿ ಕೆಲವರಿಗೆ ಪಾದ ಊದುತ್ತದೆ ಎಂದು ಕಿರಿಯ ವೈದ್ಯೆ ವಿವರಿಸಿದರು. ಹೂವಮ್ಮ ಸ್ವಲ್ಪ ಯೋಚಿಸಿ, “ಊದಲಿ ಬಿಡಿ, ನಾನು ಕೂತೇ ಮಾರುವವಳು” ಎಂದರು. ಹಿರಿಯರು ನಕ್ಕುಬಿಟ್ಟರು. ಆಮೇಲೆ ಕಾಗದವೊಂದನ್ನು ಎಳೆದುಕೊಂಡು ಅವರೇ ಬರೆಯತೊಡಗಿದರು: ಮಾತ್ರೆ ಬಿಟ್ಟ ದಿನ ಯಾವುದು, ಏಕೆ, ಕೆಲಸದ ಜಾಗದಲ್ಲಿ ಶೌಚಾಲಯ ಎಷ್ಟು ದೂರ. “ಅರ್ಜಿ ತೂಗುವವರು ಇದನ್ನು ವಿಜ್ಞಾನ ಎನ್ನುತ್ತಾರೋ ಇಲ್ಲವೋ, ನೋಡೋಣ” ಎಂದು ಗೊಣಗಿದ್ದೂ ಕೇಳಿಸಿತು. ಅವರ ಸಿಡುಕಿನ ಹಿಂದೆ ಇದ್ದದ್ದು ಅದೇ ಇರಬೇಕು. ಹೊಸ ಔಷಧ, ಹೊಸ ಯಂತ್ರ ಎಂದರೆ ಹಣ ಬರುತ್ತದೆ. ಹೂವಿನ ಬುಟ್ಟಿಯ ಪ್ರಶ್ನೆ ಹೊತ್ತುಕೊಂಡು ಹೋದರೆ ನಗುತ್ತಾರೆ ಎಂಬ ಅಳುಕು.

ಅರ್ಧ ದಿನದ ವ್ಯಾಪಾರ ಬಿಟ್ಟು ಬಂದ ಹೂವಮ್ಮನಿಗೆ ಒಂದು ಸಾವಿರ ರೂಪಾಯಿ ಕೊಡಬೇಕೆಂದು ಎಲ್ಲರೂ ಒಪ್ಪಿದರು. ಸೋಮವಾರ ವೋಚರ್ ತೆಗೆದುಕೊಂಡು ಲೆಕ್ಕಪತ್ರ ವಿಭಾಗಕ್ಕೆ ಹೋದೆ. ರೋಗಿಗೆ ಸಲಹೆಗಾಗಿ ಹಣ ಕೊಡುವ ಲೆಕ್ಕಶೀರ್ಷಿಕೆಯೇ ಇಲ್ಲವೆಂದರು. ಪ್ರಯಾಣ ಭತ್ಯೆ ಎಂದು ಬದಲಿಸಿದೆ. ಆಟೋ ರಸೀದಿ ಕೇಳಿದರು. ಹೂವಮ್ಮ ಬಸ್ಸಿನಲ್ಲಿ ಬಂದಿದ್ದರು, ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್. ಕೊನೆಗೆ ಗೌರವಧನ ಎಂದು ಬರೆದು ಮೂರನೆಯ ಸಲ ಕಳಿಸಿದೆ. ನಿನ್ನೆ ಅದು ನನ್ನ ಮೇಜಿಗೆ ವಾಪಸ್ ಬಂದಿದೆ. ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಸಲಹೆಗಾರರ ವಿದ್ಯಾರ್ಹತೆಯ ಪ್ರಮಾಣಪತ್ರ ಲಗತ್ತಿಸಿ.’