ಟ್ರೇಲರ್ ಎಳೆಯಲು ಕನ್ನಡಿ: ಇಲ್ಲಿಯವರೆಗಿನ ಕೆಲಸ

ಹಿಚ್ (ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಕೆಲಸ ಮುಗಿಯಿತು, ಈಗ ಕನ್ನಡಿಯ ಸರದಿ. ಮೊದಲು ಟೇಪ್ ಹಿಡಿದು ಅಳೆದೆ. ಗಾಡಿಯ ಅಗಲ 1.9 ಮೀಟರ್, ಟ್ರೇಲರ್ 2.5 ಮೀಟರ್. ಅಂದರೆ ಎರಡೂ ಕಡೆ 30 ಸೆಂಟಿಮೀಟರಿನಷ್ಟು ಟ್ರೇಲರ್ ಹೊರಗೆ ಚಾಚಿರುತ್ತದೆ. ಗಾಡಿಯ ಜೊತೆ ಬಂದ ಕನ್ನಡಿ ಅಷ್ಟು ದೂರ ಬರುವುದಿಲ್ಲ. ಅದರಲ್ಲಿ ಟ್ರೇಲರಿನ ಮುಂಗೋಡೆ ಬಿಟ್ಟು ಇನ್ನೇನೂ ಸರಿಯಾಗಿ ಕಾಣದು. ಗಾಜು ದೊಡ್ಡದಾದರೆ ಸಾಲದು, ಅದು ಟ್ರೇಲರಿನ ಅಂಚು ದಾಟಿ ಹೊರಗಿರಬೇಕು.

ಹೊರಗೆ ಎಳೆಯಬಲ್ಲ ಕನ್ನಡಿಯನ್ನು ಬಾಗಿಲಿಗೇ ಕೂರಿಸುವುದು ಗಟ್ಟಿ ದಾರಿ. ಆದರೆ ಬಾಗಿಲಿನ ಒಳಹೊದಿಕೆ ಬಿಚ್ಚಬೇಕು, ಕನ್ನಡಿಯೊಳಗಿನ ಇಂಡಿಕೇಟರ್ ಮತ್ತು ಹೀಟರ್ ವೈರುಗಳನ್ನು ಹೊಂದಿಸಬೇಕು. ಸದ್ಯಕ್ಕೆ ಇರುವ ಕನ್ನಡಿಗೇ ಬೆಲ್ಟಿನಿಂದ ಬಿಗಿಯುವ ಹೆಚ್ಚುವರಿ ಕನ್ನಡಿಗಳ ಜೋಡಿ ಆರಿಸಿದೆ. ಟ್ರೇಲರ್ ಇಲ್ಲದಾಗ ಬಿಚ್ಚಿಡಬಹುದು.

ಇದರ ದೊಡ್ಡ ತೊಂದರೆ ನಡುಕ. ವೇಗ ಹೆಚ್ಚಿದಂತೆ ಗಾಳಿ ಕನ್ನಡಿ ಹಿಡಿದಿರುವ ತೋಳನ್ನು ಅಲುಗಾಡಿಸುತ್ತದೆ, ಹಿಂದಿನ ಗಾಡಿಯ ಹೆಡ್‌ಲೈಟು ಒಂದು ಗೆರೆಯ ಹಾಗೆ ಮಸುಕಾಗುತ್ತದೆ. ಅಂಥ ಕನ್ನಡಿ ನೋಡಿ ಲೇನ್ ಬದಲಿಸುವುದು ಅಪಾಯ. ತೋಳು ಉದ್ದವಾದಷ್ಟೂ ನಡುಕ ಜಾಸ್ತಿ. ಹಾಗಾಗಿ ಬೇಕಾದಷ್ಟೇ ಹೊರಗೆ ಎಳೆದೆ. ಬೆಲ್ಟಿನ ಕೆಳಗೆ ರಬ್ಬರ್ ತುಂಡು ಇಟ್ಟು ಮತ್ತೆ ಬಿಗಿದೆ. ಈಗ ಚಿತ್ರ ಎಷ್ಟೋ ಸ್ಥಿರ. ನನ್ನ ಪ್ರಕಾರ, ಅಲುಗದ ಸಣ್ಣ ಗಾಜು ಅಲುಗುವ ದೊಡ್ಡ ಗಾಜಿಗಿಂತ ಎಷ್ಟೋ ಮೇಲು.

ಗಾಜಿನಲ್ಲೂ ಎರಡು ಬಗೆ. ಚಪ್ಪಟೆ ಗಾಜಿನಲ್ಲಿ ದೂರದ ಅಂದಾಜು ಸರಿ ಸಿಗುತ್ತದೆ, ಆದರೆ ಕಾಣುವ ಜಾಗ ಕಡಿಮೆ. ಉಬ್ಬು ಗಾಜಿನಲ್ಲಿ ಅಗಲವಾಗಿ ಕಾಣುತ್ತದೆ, ಆದರೆ ಹಿಂದಿನ ಗಾಡಿ ಇರುವುದಕ್ಕಿಂತ ದೂರ ಇದೆ ಅನ್ನಿಸುತ್ತದೆ. ಅದಕ್ಕೇ ಮೇಲೆ ದೊಡ್ಡ ಚಪ್ಪಟೆ ಗಾಜು, ಕೆಳಗೆ ಪುಟ್ಟ ಉಬ್ಬು ಗಾಜು ಇರುವುದನ್ನು ತಂದೆ. ಕೆಳಗಿನದು ಟ್ರೇಲರಿನ ಚಕ್ರ ನೋಡಲು.

ಹೊಂದಿಸುವಾಗ ಗಾಡಿ ಮತ್ತು ಟ್ರೇಲರ್ ನೇರ ಸಾಲಿನಲ್ಲಿ ನಿಂತಿರಲೇಬೇಕು. ನಾನು ಓಡಿಸುವ ಭಂಗಿಯಲ್ಲೇ ಕೂತೆ, ಹೊರಗಿದ್ದವರು ತಿರುಗಿಸಿದರು. ಗಾಜಿನ ಒಳ ಅಂಚಿನಲ್ಲಿ ಟ್ರೇಲರಿನ ಪಕ್ಕದ ಗೋಡೆ ತೆಳ್ಳಗೆ ಕಂಡರೆ ಸಾಕು, ಉಳಿದದ್ದೆಲ್ಲ ರಸ್ತೆಗೆ.

ಖಾಲಿ ಬಯಲಿನಲ್ಲಿ ಓಡಿಸಿ ನೋಡಿದೆ. ತಿರುವಿನಲ್ಲಿ ಒಳಬದಿಯ ಕನ್ನಡಿ ಪೂರ್ತಿ ಟ್ರೇಲರೇ ತುಂಬಿಕೊಳ್ಳುತ್ತದೆ, ಹೊರಬದಿಯದರಲ್ಲಿ ಟ್ರೇಲರ್ ಮಾಯ. ಆಗ ಕಣ್ಣು ಒಳಬದಿಯಲ್ಲಿರಬೇಕು, ಏಕೆಂದರೆ ಟ್ರೇಲರಿನ ಚಕ್ರ ಗಾಡಿಗಿಂತ ಒಳಗೆ ಕತ್ತರಿಸಿಕೊಂಡು ಬರುತ್ತದೆ. ರಿವರ್ಸಿನಲ್ಲಿ ಒಂದು ಸೂತ್ರ ತುಂಬಾ ನೆರವಾಯಿತು: ಯಾವ ಕನ್ನಡಿಯಲ್ಲಿ ಟ್ರೇಲರ್ ದೊಡ್ಡದಾಗುತ್ತದೋ, ಸ್ಟೇರಿಂಗನ್ನು ಆ ಕಡೆಗೇ ಸ್ವಲ್ಪ ತಿರುಗಿಸಬೇಕು. ಆಗ ಟ್ರೇಲರ್ ನೇರವಾಗುತ್ತದೆ.

ಟ್ರೇಲರಿನ ಬೆನ್ನ ಹಿಂದಿನ ಜಾಗ ಮಾತ್ರ ಯಾವ ಕನ್ನಡಿಗೂ ಸಿಗುವುದಿಲ್ಲ. ಮುಂದಿನ ಕೆಲಸ ಅಲ್ಲಿಗೊಂದು ಕ್ಯಾಮೆರಾ ಹಾಕುವುದು. ಅದರ ವೈರನ್ನು ಎಲ್ಲಿಂದ ಎಳೆಯಬೇಕು ಎಂದು ಈಗ ನೋಡುತ್ತಿದ್ದೇನೆ.